ತಾನಾಗಿ ನುಡಿಯುವ ಪ್ಯಾಚ್ ಹತ್ತೇ ನಿಮಿಷಕ್ಕೆ ಬೇಸರ ತರಿಸುವುದೇಕೆ?

ಹೊಸಕಿವಿ

ಬಳಗದ ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ವಿಸಿವಿ ರ‍್ಯಾಕ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡ್ಯುಲರ್ ಸಿಂಥಸೈಜರ್, ಅಂದರೆ ಮಾಡ್ಯೂಲ್ ಎಂಬ ಬಿಡಿ ಬಿಡಿ ಘಟಕಗಳನ್ನು ಕೇಬಲ್‌ಗಳಿಂದ ಜೋಡಿಸಿ ನಾದ ಹೊರಡಿಸುವ ವಾದ್ಯವನ್ನು, ಕಲಿಯುತ್ತಿದ್ದೇನೆ. ನಿಜವಾದ ಮಾಡ್ಯೂಲ್‌ಗಳನ್ನು ಕೊಳ್ಳುವ ಅನುಕೂಲ ಸದ್ಯಕ್ಕಿಲ್ಲ. ಹಾಗಾಗಿ ಲ್ಯಾಪ್‌ಟಾಪಿನ ಪರದೆಯ ಮೇಲೆಯೇ ಕೇಬಲ್ ಎಳೆಯುತ್ತ ಕುಳಿತಿರುತ್ತೇನೆ. ನನಗೆ ಬೇಕಾಗಿರುವುದು ಹಾಡಲ್ಲ. ಒಮ್ಮೆ ಹಚ್ಚಿ ಕೈಬಿಟ್ಟರೆ ಗಂಟೆಗಟ್ಟಲೆ ತನ್ನ ಪಾಡಿಗೆ ತಾನು ನುಡಿಯುತ್ತ, ಕಿವಿಗೊಟ್ಟರೆ ಕೇಳಿಸಿಕೊಳ್ಳುವಂತೆಯೂ ಪುಸ್ತಕ ಹಿಡಿದು ಕುಳಿತರೆ ಓದಿಗೆ ಅಡ್ಡಬಾರದಂತೆಯೂ ಇರುವ, ಆಂಬಿಯೆಂಟ್ ಎಂದು ಕರೆಯುವ ಬಗೆಯ ಸಂಗೀತ ಬೇಕು.

ನನ್ನ ಪ್ಯಾಚ್, ಅಂದರೆ ಮಾಡ್ಯೂಲ್‌ಗಳ ಜೋಡಣೆ, ಹೀಗಿದೆ. ವೈಟ್ ನಾಯ್ಸನ್ನು, ಅಂದರೆ ಗೊತ್ತುಗುರಿಯಿಲ್ಲದೆ ಏರಿಳಿಯುವ ಸಂಕೇತವನ್ನು, ಬಡಿತ ಬಿದ್ದ ಕ್ಷಣದ ವೋಲ್ಟೇಜನ್ನು ಹಿಡಿದಿಡುವ ಸ್ಯಾಂಪಲ್ ಅಂಡ್ ಹೋಲ್ಡ್‌ಗೆ ಕೊಟ್ಟಿದ್ದೇನೆ. ಕ್ಲಾಕಿನ ಪ್ರತಿ ಬಡಿತಕ್ಕೂ ಒಂದು ಹೊಸ ವೋಲ್ಟೇಜ್ ಹೊರಬರುತ್ತದೆ. ಕ್ವಾಂಟೈಸರ್ ಅದನ್ನು ಮೋಹನ ರಾಗದ ಐದು ಸ್ವರಗಳಲ್ಲಿ ಹತ್ತಿರದ ಒಂದಕ್ಕೆ ಕೂರಿಸುತ್ತದೆ. ಅಲ್ಲಿಂದ ನಾದ ಹುಟ್ಟಿಸುವ ಆಸಿಲೇಟರ್, ಅದರ ಬಣ್ಣ ತಿದ್ದುವ ಫಿಲ್ಟರ್, ಸದ್ದನ್ನು ಏರಿಳಿಸುವ ವಿಸಿಎ, ಕೊನೆಗೆ ಧಾರಾಳವಾಗಿ ರಿವರ್ಬ್ ಎಂಬ ಅನುರಣನ. ಮೊದಲ ಎರಡು ನಿಮಿಷ ಮೈ ಪುಳಕಗೊಳ್ಳುತ್ತದೆ. ಹತ್ತನೆಯ ನಿಮಿಷಕ್ಕೆ, ಹಾರ್ಮೋನಿಯಂ ಮನೆಗಳ ಮೇಲೆ ಬೆಕ್ಕು ನಡೆದಾಡಿದಂತೆ ಕೇಳಿಸತೊಡಗುತ್ತದೆ. ಒಂದೊಂದು ಸ್ವರವೂ ಹೊಸದೇ, ಆದರೂ ಒಟ್ಟಿನಲ್ಲಿ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಎಲ್ಲಿ ತಪ್ಪಿದ್ದೇನೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಬೆಸುಗೆಕಡ್ಡಿ

ಹೊಸಕಿವಿ ಅವರೇ, ನೀವು ಮಾಡಿದ್ದನ್ನು ನಾವೆಲ್ಲರೂ ಮೊದಲ ತಿಂಗಳಲ್ಲಿ ಮಾಡಿದವರೇ. ಇದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಒಂದು ಸುಲಭದ್ದು, ಇನ್ನೊಂದು ಅಷ್ಟು ಸುಲಭವಲ್ಲದ್ದು.

ಸುಲಭದ್ದು ವೋಲ್ಟೇಜಿನ ಹರವು. ನಿಜವಾದ ಮಾಡ್ಯೂಲ್‌ಗಳ ಒಂದು ಮಾದರಿಯಾದ ಯೂರೋರ‍್ಯಾಕ್‌ನಲ್ಲಿಯೂ ವಿಸಿವಿಯಲ್ಲಿಯೂ ಒಂದು ಸ್ಥಾಯಿಗೆ ಒಂದು ವೋಲ್ಟ್ ಎಂಬುದು ಕಟ್ಟಳೆ. ಅಂದರೆ ಒಂದು ಅರ್ಧಸ್ವರಕ್ಕೆ 83.3 ಮಿಲಿವೋಲ್ಟ್. ನಿಮ್ಮ ನಾಯ್ಸ್ ಸ್ಥೂಲವಾಗಿ ಮೈನಸ್ 5ರಿಂದ ಪ್ಲಸ್ 5 ವೋಲ್ಟ್‌ವರೆಗೆ ಅಲೆದಾಡುತ್ತಿದ್ದರೆ ನಿಮ್ಮ ರಾಗವು 10 ಸ್ಥಾಯಿಗಳಲ್ಲಿ ನೆಗೆದಾಡುತ್ತಿದೆ ಎಂದಾಯಿತು. ಮನುಷ್ಯನ ಕಿವಿಗೆ ಕೇಳಿಸುವ ಒಟ್ಟು ವ್ಯಾಪ್ತಿಯೇ ಹೆಚ್ಚುಕಡಿಮೆ ಅಷ್ಟು. ಯಾವ ಗಾಯಕನೂ ಒಂದು ಸ್ವರವನ್ನು ಅನುಮಂದ್ರದಲ್ಲಿಯೂ ಮುಂದಿನದನ್ನು ಅತಿತಾರದಲ್ಲಿಯೂ ಹಾಡುವುದಿಲ್ಲ. ಕ್ವಾಂಟೈಸರ್‌ಗಿಂತ ಮೊದಲು ಒಂದು ಅಟೆನ್ಯುಯೇಟರ್ ಇಟ್ಟು ಹರವನ್ನು ಒಂದೂವರೆ ವೋಲ್ಟಿಗೆ ಇಳಿಸಿ. ಬೆಕ್ಕು ಅರ್ಧ ಇಳಿದುಹೋಗುತ್ತದೆ.

ಉಳಿದ ಅರ್ಧ ಬೆಕ್ಕು ವೈಟ್ ನಾಯ್ಸಿನದು. ವೈಟ್ ನಾಯ್ಸಿಗೆ ನೆನಪೆಂಬುದಿಲ್ಲ. ಈಗ ಬಂದ ವೋಲ್ಟೇಜಿಗೂ ಹಿಂದಿನದಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ರಿಚರ್ಡ್ ವಾಸ್ ಮತ್ತು ಜಾನ್ ಕ್ಲಾರ್ಕ್ ಎಂಬ ಭೌತವಿಜ್ಞಾನಿಗಳು 1970ರ ದಶಕದಲ್ಲಿ ರೇಡಿಯೋದಲ್ಲಿ ಬರುವ ಸಂಗೀತದ ಮತ್ತು ಮಾತಿನ ಏರಿಳಿತಗಳನ್ನು ಅಳೆದಾಗ, ಅವು ಪೂರ್ತಿ ಯಾದೃಚ್ಛಿಕವೂ ಅಲ್ಲದ, ಹೆಜ್ಜೆ ಹೆಜ್ಜೆಗೂ ಹಿಂದಿನದಕ್ಕೆ ಅಂಟಿಕೊಂಡದ್ದೂ ಅಲ್ಲದ, ಪಿಂಕ್ ನಾಯ್ಸಿನ ಸ್ವಭಾವಕ್ಕೆ ಹತ್ತಿರವಾಗಿ ನಡೆಯುತ್ತವೆ ಎಂದು ಕಂಡರು. ಆಮೇಲೆ ಮೂರೂ ಬಗೆಯ ನಾಯ್ಸಿನಿಂದ ಧಾಟಿಗಳನ್ನು ಕಟ್ಟಿ ಜನರಿಗೆ ಕೇಳಿಸಿದಾಗಲೂ ನಡುವಿನದೇ ಹಿತವೆನಿಸಿತು.

ಇದನ್ನು ಪ್ಯಾಚಿನಲ್ಲಿ ತರುವುದಕ್ಕೆ ಪಿಂಕ್ ನಾಯ್ಸಿನ ಔಟ್‌ಪುಟ್ಟನ್ನು ನೇರವಾಗಿ ಹಿಡಿದರೆ ಸಾಲದು. ಶ್ರವ್ಯ ಆವರ್ತನಗಳಿಗೆಂದು ಮಾಡಿದ ನಾಯ್ಸನ್ನು ಎರಡು ಸೆಕೆಂಡಿಗೊಮ್ಮೆ ಹಿಡಿದರೆ ಅಷ್ಟರೊಳಗೆ ಅದರ ನೆನಪು ಬಹುಪಾಲು ಅಳಿದಿರುತ್ತದೆ. ವಾಸ್ ಅವರ ದಾಳದ ಉಪಾಯವೇ ಮೇಲು. ನಾಲ್ಕು ಸ್ಯಾಂಪಲ್ ಅಂಡ್ ಹೋಲ್ಡ್‌ಗಳನ್ನು ಇಡಿ. ಮೊದಲನೆಯದು ಪ್ರತಿ ಬಡಿತಕ್ಕೂ, ಎರಡನೆಯದು ಎರಡಕ್ಕೊಮ್ಮೆ, ಮೂರನೆಯದು ನಾಲ್ಕಕ್ಕೊಮ್ಮೆ, ನಾಲ್ಕನೆಯದು ಎಂಟಕ್ಕೊಮ್ಮೆ ಬದಲಾಗಲಿ, ಒಂದೊಂದನ್ನೂ 0.4 ವೋಲ್ಟ್ ಹರವಿಗೆ ಇಳಿಸಿ ನಾಲ್ಕನ್ನೂ ಕೂಡಿಸಿ. ಆಗ ಧಾಟಿ ಸುಮಾರು ಒಂದೂವರೆ ಸ್ಥಾಯಿಯೊಳಗೆ ಉಳಿಯುತ್ತದೆ, ಸ್ವಲ್ಪ ಹೊತ್ತು ಒಂದು ಕಡೆ ಸುಳಿದಾಡುತ್ತದೆ, ಆಮೇಲೆ ಬೇರೆಡೆಗೆ ಸರಿಯುತ್ತದೆ.

ಲೆಕ್ಕದಮೇಷ್ಟ್ರು

ನೆನಪಿನ ಮಾತು ಸರಿಯಾಗಿದೆ. ಆದರೆ ಯಾದೃಚ್ಛಿಕತೆಯೇ ಇಲ್ಲದೆಯೂ ಇಂಥ ಸಂಗೀತ ಕಟ್ಟಬಹುದು ಎಂಬುದನ್ನು ಮರೆಯಬಾರದು. ಹೀಗೆ ತಾನಾಗಿ ಹುಟ್ಟುತ್ತ ಹೋಗುವ ಸಂಗೀತಕ್ಕೆ ಜನರೇಟಿವ್ ಎಂಬ ಮಾತನ್ನು ಬಳಕೆಗೆ ತಂದ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ 1978ರಲ್ಲಿ ಹೊರತಂದ ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್ ಧ್ವನಿಮುದ್ರಿಕೆಯ ಒಂದು ಭಾಗವು ಬರಿಯ, ತುದಿಗೆ ತುದಿ ಅಂಟಿಸಿ ಸುತ್ತಿಸುವ ಟೇಪ್ ಲೂಪ್‌ಗಳಿಂದ ಆದದ್ದು. ಒಂದೊಂದು ಲೂಪಿನಲ್ಲಿ ಹಾಡಿದ ಒಂದೇ ಒಂದು ಸ್ವರ, ಉಳಿದದ್ದೆಲ್ಲ ಮೌನ. ಸ್ಟುಡಿಯೋದಲ್ಲಿ ಆ ಉದ್ದನೆಯ ಟೇಪುಗಳನ್ನು ಕುರ್ಚಿಗಳ ಕೊಳವೆಕಾಲುಗಳ ಸುತ್ತ ಹಾಯಿಸಿದ್ದರೆಂದು ಅವರೇ ಹೇಳಿದ್ದಾರೆ. ಮೂರು ಲೂಪುಗಳ ಉದ್ದವನ್ನು 1996ರ ಒಂದು ಉಪನ್ಯಾಸದಲ್ಲಿ ಕೊಟ್ಟಿದ್ದಾರೆ: ಇಪ್ಪತ್ತಮೂರೂವರೆ ಸೆಕೆಂಡು, 25⅞ ಸೆಕೆಂಡು, 29 ಪೂರ್ಣಾಂಕ 15/16 ಸೆಕೆಂಡು.

ಈ ಮೂರೂ ಒಟ್ಟಿಗೆ ಹೊರಟರೆ ಮತ್ತೆ ಎಂದು ಸಮಕ್ಕೆ ಬರುತ್ತವೆ ಎಂದು ನಿನ್ನೆ ರಾತ್ರಿ ಕಾಗದದ ಮೇಲೆ ಹಾಕಿ ನೋಡಿದೆ. ಸೆಕೆಂಡಿನ ಹದಿನಾರನೆಯ ಒಂದು ಭಾಗವನ್ನು ಅಳತೆಯಾಗಿ ಹಿಡಿದರೆ ಲೂಪುಗಳು 376, 414 ಮತ್ತು 479. ಇವುಗಳ ಲ.ಸಾ.ಅ. 3,72,81,528. ಅದನ್ನು ಸೆಕೆಂಡಿಗೆ, ಸೆಕೆಂಡನ್ನು ದಿನಕ್ಕೆ ಇಳಿಸಿದರೆ ಇಪ್ಪತ್ತೇಳು ದಿನಕ್ಕೆ ಒಂದು ಗಂಟೆಯಷ್ಟೂ ಕಡಿಮೆಯಿಲ್ಲ. ಮೂರು ತುಂಡು ಟೇಪು, ಮೂರು ಸ್ವರ, ಸುಮಾರು ಒಂದು ನಕ್ಷತ್ರಮಾಸದ ಸಂಗೀತ! ನಮ್ಮ ಹಿರಿಯರಿಗೆ ಈ ಲೆಕ್ಕ ಹೊಸದಲ್ಲ. ಗುರುವಿನ ಸುತ್ತು 12 ವರ್ಷ, ಶನಿಯದು 30 ವರ್ಷ ಎಂದು ಹಿಡಿದು ಎರಡೂ ಕೂಡುವ 60 ವರ್ಷಗಳಿಗೆ ಪ್ರಭವದಿಂದ ಅಕ್ಷಯದವರೆಗೆ ಹೆಸರಿಟ್ಟವರು ಅವರು.

ಹೊಸಕಿವಿ ಅವರು ಟೇಪು ಕತ್ತರಿಸಬೇಕಾಗಿಲ್ಲ. ಒಂದೇ ಕ್ಲಾಕಿನಿಂದ ನಡೆಯುವ, ಹೆಜ್ಜೆಗೊಂದು ಸ್ವರ ಕೊಡುತ್ತ ಸುತ್ತುವ ಮೂರು ಸೀಕ್ವೆನ್ಸರ್‌ಗಳಿಗೆ 7, 11, 13 ಹೆಜ್ಜೆಗಳನ್ನು ಕೊಟ್ಟರೆ 1001 ಹೆಜ್ಜೆಗೆ ಸಮ. ಹೆಜ್ಜೆಗೆ ಎರಡು ಸೆಕೆಂಡು ಇಟ್ಟರೆ 33 ನಿಮಿಷ 22 ಸೆಕೆಂಡು. ಒಂದು ಎಚ್ಚರಿಕೆ: 8, 12, 16 ಎಂದು ಅಭ್ಯಾಸಬಲದಿಂದ ಇಟ್ಟುಬಿಟ್ಟರೆ ಬರಿ 48 ಹೆಜ್ಜೆಗೇ ಎಲ್ಲವೂ ಮುಖಾಮುಖಿಯಾಗಿ ನಿಲ್ಲುತ್ತವೆ. ಖಂಡ, ಮಿಶ್ರ ನಡೆಗಳನ್ನು ಬಲ್ಲ ಮೃದಂಗದವರನ್ನು ಕೇಳಿದರೆ ಇದನ್ನು ನನಗಿಂತ ಚೆನ್ನಾಗಿ ಕೈಯಲ್ಲಿಯೇ ಹೇಳಿಯಾರು.

ಹೊಸಕಿವಿ

ಇಬ್ಬರಿಗೂ ಕೃತಜ್ಞತೆಗಳು. ಅಟೆನ್ಯುಯೇಟರ್ ಹಾಕಿದ ತಕ್ಷಣ ನಾನೇ ನಕ್ಕೆ. ಇಷ್ಟು ಸಣ್ಣ ವಿಷಯಕ್ಕೆ ನಾಲ್ಕು ತಿಂಗಳು ಹೋಯಿತು. ಈಗ ಇನ್ನೊಂದು ಸಂದೇಹ. ಮೇಷ್ಟ್ರು ಹೇಳಿದ ಸುತ್ತುಗಳಲ್ಲಿ ಸ್ವರಗಳು ಎಂದಿಗೂ ಬದಲಾಗುವುದಿಲ್ಲ, ಬೆಸುಗೆಕಡ್ಡಿಯವರ ದಾಳದಲ್ಲಿ ಎಂದಿಗೂ ಮರಳುವುದಿಲ್ಲ. ಇವೆರಡರ ನಡುವೆ ನಿಲ್ಲುವಂಥದ್ದು ಏನಾದರೂ ಇದೆಯೇ?

ಬೆಸುಗೆಕಡ್ಡಿ

ಇದೆ, ಮತ್ತು ನನ್ನ ಮಟ್ಟಿಗೆ ಜನರೇಟಿವ್ ಪ್ಯಾಚಿನ ಜೀವ ಇರುವುದು ಅಲ್ಲಿಯೇ. ಟ್ಯೂರಿಂಗ್ ಮಷೀನ್ ಎಂಬ ಮಾಡ್ಯೂಲನ್ನು ನೋಡಿ. ಲಂಡನ್ನಿನ ಟಾಮ್ ವಿಟ್‌ವೆಲ್ ಅದನ್ನು 2012ರಲ್ಲಿ ಯಾರು ಬೇಕಾದರೂ ಬೆಸೆದು ಮಾಡಿಕೊಳ್ಳಬಹುದಾದ ಮುಕ್ತ ವಿನ್ಯಾಸವಾಗಿ ಬಿಟ್ಟರು. ಒಳಗಿರುವುದು 16 ಬಿಟ್‌ಗಳ ಒಂದು ಶಿಫ್ಟ್ ರಿಜಿಸ್ಟರ್. ಊಟದ ಪಂಕ್ತಿಯಲ್ಲಿ ಹದಿನಾರು ಮಂದಿ ಕುಳಿತು, ಒಬ್ಬೊಬ್ಬರೂ ತಮ್ಮ ಕೈಯಲ್ಲಿರುವ ಸೊನ್ನೆಯನ್ನೋ ಒಂದನ್ನೋ ಕ್ಲಾಕಿನ ಪ್ರತಿ ಬಡಿತಕ್ಕೆ ಪಕ್ಕದವರಿಗೆ ದಾಟಿಸುತ್ತಾರೆಂದು ಕಲ್ಪಿಸಿಕೊಳ್ಳಿ. ಕೊನೆಯವರ ಕೈಯಲ್ಲಿದ್ದುದು ಮೊದಲಿನವರಿಗೆ ಮರಳಿ ಬರುವಾಗ ಹಾಗೆಯೇ ಬರಬೇಕೋ ತಿರುಗುಮುರುಗಾಗಬೇಕೋ ಎಂಬುದನ್ನು ಮುಖ್ಯ ಗುಂಡಿ ತೀರ್ಮಾನಿಸುತ್ತದೆ. ಗುಂಡಿ ಪೂರ್ತಿ ಬಲಕ್ಕಿದ್ದರೆ ಏನೂ ಬದಲಾಗದೆ 16 ಹೆಜ್ಜೆಯ ಲೂಪು ಸುತ್ತುತ್ತಲೇ ಇರುತ್ತದೆ. ನಡುವಿನಲ್ಲಿದ್ದರೆ ಪ್ರತಿಸಲವೂ ನಾಣ್ಯ ಚಿಮ್ಮಿದಂತೆ. ಪೂರ್ತಿ ಎಡಕ್ಕಿದ್ದರೆ ಪ್ರತಿ ಬಿಟ್ಟೂ ತಿರುಗುವುದರಿಂದ ಲೂಪು 32 ಹೆಜ್ಜೆಯದಾಗಿ, ಎರಡನೆಯ ಅರ್ಧವು ಮೊದಲಿನದರ ತಲೆಕೆಳಗಾದ ರೂಪವಾಗುತ್ತದೆ.

ರುಚಿ ಇರುವುದು ಈ ಮೂರು ತುದಿಗಳಲ್ಲಲ್ಲ. ಗುಂಡಿಯನ್ನು ಬಲತುದಿಯಿಂದ ಕೊಂಚವೇ ಈಚೆಗೆ ತಂದು ಬಿಡಿ. ಧಾಟಿ ಹತ್ತು ಸುತ್ತು ಹಾಗೆಯೇ ಇರುತ್ತದೆ, ಹನ್ನೊಂದನೆಯದರಲ್ಲಿ ಒಂದು ಸ್ವರ ಜಾರುತ್ತದೆ, ಕಿವಿ ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಇನ್ನೊಂದು. ಅಜ್ಜಿ ಹೇಳುವ ಕಥೆ ಪ್ರತಿ ಸಲವೂ ಅದೇ ಕಥೆಯಾಗಿದ್ದೂ ಒಂದೊಂದು ಮಾತು ಬೇರೆಯಾಗಿರುವಂತೆ. ವಿಸಿವಿಯಲ್ಲಿ ಬೇಕೆಂದರೆ ರ‍್ಯಾಂಡಮ್ ಸ್ಯಾಂಪ್ಲರ್ ಎಂಬ ಹೆಸರಿನಲ್ಲಿ ಮಾರ್ಬಲ್ಸ್ ಎಂಬ ಮಾಡ್ಯೂಲ್ ಸಿಗುತ್ತದೆ. ಅದನ್ನು ಮಾಡಿದ ಪ್ಯಾರಿಸ್ಸಿನ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ತನ್ನ ವಿನ್ಯಾಸಗಳನ್ನು ಮುಕ್ತವಾಗಿ ಬಿಟ್ಟಿದ್ದರಿಂದ ಇದು ಸಾಧ್ಯವಾಯಿತು. ಅದರ ದೇಜಾ ವೂ ಎಂಬ ಗುಂಡಿ ಮಾಡುವುದೂ ಇದೇ ಕೆಲಸವನ್ನು, ಹಳೆಯದು ಎಷ್ಟು ಮರಳಬೇಕೆಂಬ ತೀರ್ಮಾನವನ್ನು. ಈ ವಂಶದ ಮೂಲಪುರುಷನನ್ನು ಹುಡುಕುತ್ತ ಹೋದರೆ ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ ಅವರ 266 ಎಂಬ ಮಾಡ್ಯೂಲ್ ಸಿಗುತ್ತದೆ. ಅದಕ್ಕೆ ಅವರು ಕೊಟ್ಟ ಹೆಸರೇ ಅನಿಶ್ಚಿತತೆಯ ಮೂಲ ಎಂಬರ್ಥದ್ದು.

ಒಂದು ಸಂಕಟದ ಸಂಗತಿಯನ್ನೂ ಹೇಳಿಬಿಡುತ್ತೇನೆ. ನನ್ನ ಬಳಿ ಇರುವುದು ನಿಜವಾದ ಟ್ಯೂರಿಂಗ್ ಮಷೀನು, ನಾನೇ ಬೆಸೆದದ್ದು. ಒಂದು ಭಾನುವಾರ ಅದು ಎಷ್ಟು ಒಳ್ಳೆಯ ಧಾಟಿಗೆ ಬಂದು ನಿಂತಿತೆಂದರೆ, ಗುಂಡಿಯನ್ನು ಬಲಕ್ಕೆ ಕಟ್ಟಿಹಾಕಿ ರೆಕಾರ್ಡರ್ ತರಲು ಒಳಗೆ ಹೋದೆ. ಅಷ್ಟರಲ್ಲಿ ಕರೆಂಟು ಹೋಯಿತು. ಶಿಫ್ಟ್ ರಿಜಿಸ್ಟರ್‌ಗೆ ವಿದ್ಯುತ್ತು ಇರುವವರೆಗೆ ಮಾತ್ರ ನೆನಪು. ಅಂದಿನಿಂದ ರೆಕಾರ್ಡರನ್ನು ಮೊದಲು ಹಚ್ಚುತ್ತೇನೆ, ಆಮೇಲೆ ಸಿಂಥನ್ನು.

ತಂಬೂರಿತಂತಿ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಾನು ಸಂಗೀತ ಪಾಠ ಹೇಳುವವಳು, ಈ ಯಂತ್ರಗಳಿಗೆ ಹೊಸಬಳು. ಆದರೆ ಮೊದಲನೆಯ ಬರಹದಲ್ಲಿರುವ “ಮೋಹನ ರಾಗದ ಐದು ಸ್ವರಗಳಲ್ಲಿ” ಎಂಬ ಮಾತಿಗೆ ಆಕ್ಷೇಪ ಎತ್ತದೆ ಇರಲಾರೆ. ಕ್ವಾಂಟೈಸರ್‌ಗೆ ಗೊತ್ತಿರುವುದು ಸ್ವರಗಳ ಪಟ್ಟಿ. ಅದಕ್ಕೆ ರಾಗ ಗೊತ್ತಿಲ್ಲ. ಹಿಂದುಸ್ತಾನಿಯ ಭೂಪಾಲಿಗೂ ದೇಶಕಾರಕ್ಕೂ ಅವೇ ಐದು ಸ್ವರಗಳು. ಒಂದರಲ್ಲಿ ಗಾಂಧಾರ ವಾದಿ, ಅಂದರೆ ಮುಖ್ಯ ಸ್ವರ, ಇನ್ನೊಂದರಲ್ಲಿ ಧೈವತ. ಒಂದು ಪೂರ್ವಾಂಗದಲ್ಲಿ (ಸ್ಥಾಯಿಯ ಕೆಳಗಿನ ಅರ್ಧದಲ್ಲಿ) ನೆಲೆಸುತ್ತದೆ, ಇನ್ನೊಂದು ಉತ್ತರಾಂಗದಲ್ಲಿ (ಮೇಲಿನ ಅರ್ಧದಲ್ಲಿ). ಒಂದು ಸಂಜೆಯದು, ಇನ್ನೊಂದು ಬೆಳಗಿನದು. ನಿಮ್ಮ ಮಾಡ್ಯೂಲಿಗೆ ಇವೆರಡೂ ಒಂದೇ.

ಶ್ರುತಿಯ ಮಾತೂ ಇದೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರ ಷಡ್ಜಕ್ಕೆ 5/4ರ ಅನುಪಾತದ್ದು, 386 ಸೆಂಟ್ (ಅರ್ಧಸ್ವರದ ನೂರನೆಯ ಒಂದು ಭಾಗವೇ ಸೆಂಟ್). ಹನ್ನೆರಡು ಸಮಭಾಗದ ಕ್ವಾಂಟೈಸರ್ ಕೊಡುವುದು 400 ಸೆಂಟ್. ನನ್ನ ಮಗ ಲೆಕ್ಕ ಹಾಕಿ ಆ ವ್ಯತ್ಯಾಸ ನಿಮ್ಮ ಭಾಷೆಯಲ್ಲಿ 11.4 ಮಿಲಿವೋಲ್ಟ್ ಎಂದು ತಿಳಿಸಿದ. ವೇಗವಾಗಿ ನುಡಿಸುವಾಗ ಇದು ಅಷ್ಟಾಗಿ ಬಾಧಿಸದಿರಬಹುದು. ಆದರೆ ನೀವು ಮಾಡುತ್ತಿರುವುದು ಒಂದೊಂದು ಸ್ವರವೂ ಹತ್ತು ಸೆಕೆಂಡು ಗಾಳಿಯಲ್ಲಿ ತೇಲುವ ಸಂಗೀತ. ಕೆಳಗೆ ಶ್ರುತಿ ಹಿಡಿದಿದ್ದರೆ ಆ ಗಾಂಧಾರ ಉದ್ದಕ್ಕೂ ಅದುರುತ್ತಲೇ ಇರುತ್ತದೆ.

ಕೊನೆಯದಾಗಿ, ತಂಬೂರಿಯನ್ನೇ ಯಾರೂ ನೆನೆಯಲಿಲ್ಲವಲ್ಲ! ಪಂಚಮ, ಸಾರಣಿ, ಅನುಸಾರಣಿ, ಮಂದ್ರ, ನಾಲ್ಕೇ ತಂತಿ. ಮೀಟುವ ಬೆರಳು ತಾಳಕ್ಕೆ ಸಿಗದೆ ತನ್ನದೇ ನಿಧಾನದಲ್ಲಿ ಸುತ್ತುತ್ತದೆ. ಕುದುರೆಯ ಮೇಲಿನ ಜೀವಾಳಿಯ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಒಳಗಿನ ಸ್ವಯಂಭೂ ಸ್ವರಗಳ ಬಣ್ಣವೇ ಬದಲಾಗುತ್ತದೆ. ಗಂಟೆಗಟ್ಟಲೆ ಕೇಳಿದರೂ ಬೇಸರವಾಗದ, ಹಿನ್ನೆಲೆಯಲ್ಲಿಯೇ ಉಳಿಯುವ ನಾದವನ್ನು ನೀವು ಎಲ್ಲೆಲ್ಲೋ ಹುಡುಕುತ್ತಿದ್ದೀರಿ.

ಬೆಸುಗೆಕಡ್ಡಿ

ಅಮ್ಮಾ, ನಿಮ್ಮ ಮೂರು ಮಾತುಗಳಲ್ಲಿ ಎರಡನ್ನು ತಲೆಬಾಗಿ ಒಪ್ಪುತ್ತೇನೆ, ಮೊದಲನೆಯದನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಆರೋಹಣ ಅವರೋಹಣಗಳ ಭೇದವನ್ನಾದರೂ ಯಂತ್ರಕ್ಕೆ ಕಲಿಸಬಹುದು. ಬಿಲಹರಿಯನ್ನು ತೆಗೆದುಕೊಳ್ಳೋಣ: ಏರುವಾಗ ಮೋಹನದ ಐದು, ಇಳಿಯುವಾಗ ಶಂಕರಾಭರಣದ ಏಳು. ಹೊಸದಾಗಿ ಬಂದ ವೋಲ್ಟೇಜನ್ನೂ ಹಿಂದಿನ ಹೆಜ್ಜೆಯ ವೋಲ್ಟೇಜನ್ನೂ ಒಂದು ಕಂಪ್ಯಾರೇಟರ್‌ಗೆ ಕೊಡಿ. ಹೊಸದು ಮೇಲಿದ್ದರೆ ಕಂಪ್ಯಾರೇಟರ್ ಗೇಟ್ ಎಂಬ ಹೌದು-ಅಲ್ಲದ ಸಂಕೇತವನ್ನು ತೆರೆಯುತ್ತದೆ, ಆ ಗೇಟ್ ಒಂದು ಸ್ವಿಚ್ಚನ್ನು ಐದು ಸ್ವರದ ಕ್ವಾಂಟೈಸರ್ ಕಡೆಗೆ ತಿರುಗಿಸುತ್ತದೆ. ಕೆಳಗಿದ್ದರೆ ಏಳು ಸ್ವರದ್ದರ ಕಡೆಗೆ. ಹಿಂದಿನ ಹೆಜ್ಜೆಯನ್ನು ನೆನಪಿಟ್ಟುಕೊಳ್ಳಲು ಬಿಟ್‌ಗಳ ಬದಲು ವೋಲ್ಟೇಜುಗಳನ್ನು ದಾಟಿಸುವ ಅನಲಾಗ್ ಶಿಫ್ಟ್ ರಿಜಿಸ್ಟರ್ ಬೇಕು. ಅದರ ಎರಡನೆಯ, ಮೂರನೆಯ ಔಟ್‌ಪುಟ್‌ಗಳನ್ನು ಬೇರೆ ಆಸಿಲೇಟರ್‌ಗಳಿಗೂ ಕೊಟ್ಟರೆ, ಭಜನೆಯಲ್ಲಿ ಮುಂದಿನವರು ಹೇಳಿದ್ದನ್ನು ಹಿಂದಿನವರು ಹೇಳಿದಂತೆ, ಒಂದೇ ಧಾಟಿ ಮೂರು ಕಂಠಗಳಲ್ಲಿ ಹಿಂದುಮುಂದಾಗಿ ಕೇಳಿಸುತ್ತದೆ.

ಇದರಿಂದ ಬಿಲಹರಿಯಾಯಿತೆಂದು ನಾನು ಹೇಳುವುದಿಲ್ಲ. ಗಮಕವಿಲ್ಲದೆ ರಾಗವಿಲ್ಲ, ಮತ್ತು ಸ್ಲ್ಯೂ ಮಾಡ್ಯೂಲ್ ಹಾಕಿ ಸ್ವರಗಳನ್ನು ಜಾರಿಸಿದ ಮಾತ್ರಕ್ಕೆ ಗಮಕವಾಗುವುದಿಲ್ಲ. ಅದು ಬರಿಯ ಜಾರುಬಂಡೆ. ಹೆಸರಿಡುವಾಗ ರಾಗದ ಹೆಸರನ್ನು ಬಿಟ್ಟು “ಐದು ಸ್ವರದ ಪ್ಯಾಚ್” ಎಂದರೆ ಯಾರ ಮನಸ್ಸಿಗೂ ನೋವಿಲ್ಲ.

ಹಳೆಟೇಪು

ಈ ಎರಡು ಲೋಕಗಳು ಪರಸ್ಪರ ಅಪರಿಚಿತವೇನಲ್ಲ ಎಂಬುದನ್ನು ನೆನಪಿಸಲು ಬರೆಯುತ್ತಿದ್ದೇನೆ. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಮಾಡ್ಯುಲರ್ ಸಿಂಥಸೈಜರ್ ಇದ್ದ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಶುರುವಾಗಿತ್ತು. ಅದನ್ನು ಅಣಿಗೊಳಿಸಿಕೊಟ್ಟವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್. ಅಲ್ಲಿ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಕೆಲಸ ಮಾಡಿದರು. 1972ರ ಹೊತ್ತಿಗೆ ಚಟುವಟಿಕೆ ನಿಂತುಹೋಯಿತು, ಟೇಪುಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲಿಯೇ ಉಳಿದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವುಗಳನ್ನು ಬೆಳಕಿಗೆ ತಂದ ಮೇಲೆ, 2023ರಲ್ಲಿ ಒಂದು ಸಂಕಲನವಾಗಿ ಎಲ್ಲರಿಗೂ ದೊರೆತವು.

ಗೀತಾ ಸಾರಾಭಾಯಿಯವರ ಹೆಸರನ್ನು ಇನ್ನೊಂದು ಕಾರಣಕ್ಕೂ ಹೇಳಬೇಕು. 1946ರಲ್ಲಿ ಅವರು ನ್ಯೂಯಾರ್ಕಿನಲ್ಲಿದ್ದಾಗ ಅಮೆರಿಕದ ಸಂಯೋಜಕ ಜಾನ್ ಕೇಜ್ ಅವರಿಂದ ಪಾಶ್ಚಾತ್ಯ ಸ್ವರಸಂಯೋಜನೆಯನ್ನು ಕಲಿತು, ಪ್ರತಿಯಾಗಿ ಅವರಿಗೆ ಭಾರತೀಯ ಸಂಗೀತದ ತಿಳಿವಳಿಕೆಯನ್ನು ಕೊಟ್ಟರು. ಅದೇ ಕೇಜ್ ಮುಂದೆ ನಾಣ್ಯ ಚಿಮ್ಮಿ ಸ್ವರಗಳನ್ನು ಆರಿಸುವ ದಾರಿ ಹಿಡಿದರು. ಇಂದು ನಾವು ಸ್ಯಾಂಪಲ್ ಅಂಡ್ ಹೋಲ್ಡ್‌ಗೆ ಒಪ್ಪಿಸುತ್ತಿರುವ ಕೆಲಸವನ್ನು ಅವರು ಕೈಯಿಂದ ಮಾಡಿದರು, ಬಹಳ ತಾಳ್ಮೆಯಿಂದ.

ಲೆಕ್ಕದಮೇಷ್ಟ್ರು

ಒಂದು ಸಣ್ಣ ಸೇರ್ಪಡೆ. ಇಲ್ಲಿಯವರೆಗೆ ಎಲ್ಲರೂ ಯಾವ ಸ್ವರ ಎಂಬುದನ್ನೇ ಮಾತಾಡಿದ್ದೇವೆ, ಸ್ವರ ಬರಬೇಕೋ ಬೇಡವೋ ಎಂಬುದನ್ನು ಯಾರೂ ಎತ್ತಿಲ್ಲ. ಕ್ಲಾಕಿನ ಪ್ರತಿ ಬಡಿತಕ್ಕೂ ಒಂದು ಸ್ವರ ಬಂದೇ ತೀರುವುದಾದರೆ ಎಂಥ ಉತ್ತಮ ಧಾಟಿಯೂ ನಲ್ಲಿಯ ತೊಟ್ಟಿನಂತೆ ಕೇಳಿಸುತ್ತದೆ. ಒಂದೊಂದು ಸ್ವರದ ಸದ್ದು ಏರಿ ಇಳಿಯುವ ಬಗೆಯನ್ನು ರೂಪಿಸುವ ಎನ್ವಲಪ್‌ಗೆ ಹೋಗುವ ಗೇಟಿನ ದಾರಿಯಲ್ಲಿ, ಸಂಕೇತವನ್ನು ಬಿಡಬೇಕೋ ತಡೆಯಬೇಕೋ ಎಂದು ನಾಣ್ಯ ಚಿಮ್ಮಿದಂತೆ ತೀರ್ಮಾನಿಸುವ ಬರ್ನೂಲಿ ಗೇಟ್ ಇಟ್ಟು ಮೂರರಲ್ಲಿ ಒಂದನ್ನು ಮಾತ್ರ ಬಿಡುವಂತೆ ಮಾಡಿ. ಆ ಸಂಭವನೀಯತೆಯನ್ನೇ ಇಪ್ಪತ್ತು ನಿಮಿಷಕ್ಕೊಮ್ಮೆ ಏರಿಳಿಯುವ ಬಲು ನಿಧಾನದ ಆಸಿಲೇಟರ್ ಆದ ಎಲ್‌ಎಫ್‌ಓಗೆ ಒಪ್ಪಿಸಿದರೆ, ಕೆಲವು ಹೊತ್ತು ಜಿಟಿಜಿಟಿ, ಕೆಲವು ಹೊತ್ತು ಹೊಳವು.

ಬೆಸುಗೆಕಡ್ಡಿ

ಮೇಷ್ಟ್ರು ಹೇಳಿದ್ದು ನಾನು ಮೊದಲೇ ಹೇಳಬೇಕಿದ್ದ ಮಾತು. ಅದಕ್ಕೆ ಹೊಂದುವಂತೆ ಒಂದು ಸಲಹೆ: ವಿಸಿಎ ಬದಲು ಲೋ ಪಾಸ್ ಗೇಟ್ ಬಳಸಿ. ಬುಕ್ಲಾ ಅವರ 292 ಎಂಬ ಹಳೆಯ ಲೋ ಪಾಸ್ ಗೇಟಿನಲ್ಲಿ ವ್ಯಾಕ್ಟ್ರಾಲ್ ಎಂಬ ಬಿಡಿಭಾಗವಿರುತ್ತಿತ್ತು. ಒಂದು ಮುಚ್ಚಿದ ಗೂಡಿನಲ್ಲಿ ಸಣ್ಣ ದೀಪ, ಅದರೆದುರು ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್. ದೀಪ ಆರಿದರೂ ರೆಸಿಸ್ಟರ್ ತಕ್ಷಣ ಚೇತರಿಸಿಕೊಳ್ಳದೆ ಬಾಲ ಎಳೆಯುತ್ತದೆ, ಮತ್ತು ಸದ್ದು ಕುಗ್ಗುವ ಜೊತೆಗೆ ಹೊಳಪೂ ಕುಗ್ಗುತ್ತದೆ. ಬಡಿದ ಮರ, ಮೀಟಿದ ತಂತಿ ನಡೆದುಕೊಳ್ಳುವುದೂ ಹೀಗೆಯೇ. ವಿಸಿವಿಯಲ್ಲಿ ಇದರ ಅನುಕರಣೆಗಳು ಬೇಕಾದಷ್ಟಿವೆ.

ಇನ್ನು ರಿವರ್ಬ್ ಅರ್ಧಕ್ಕರ್ಧ ತೆಗೆಯಿರಿ. ನಮ್ಮಲ್ಲಿ ಬಹಳ ಮಂದಿ ಪ್ಯಾಚಿನ ಹುಳುಕನ್ನು ರಿವರ್ಬಿನ ಸುಣ್ಣ ಬಳಿದು ಮುಚ್ಚುತ್ತೇವೆ, ನಾನೂ ಸೇರಿದಂತೆ.

ಹೊಸಕಿವಿ

ಮೂರು ವಾರಗಳ ನಂತರ ಮರಳಿ ಬರೆಯುತ್ತಿದ್ದೇನೆ. ಹಳೆಯ ಪ್ಯಾಚನ್ನು ಪೂರ್ತಿ ಅಳಿಸಿ ಮತ್ತೆ ಕಟ್ಟಿದೆ. ತಂಬೂರಿತಂತಿಯವರ ಮಾತಿನಂತೆ ಮೊದಲು ನಾಲ್ಕು ತಂತಿಗಳನ್ನು ಕೂರಿಸಿದೆ: ಒಂದು ತಂತಿಯ ಎನ್ವಲಪ್ ಮುಗಿದಾಗ ಹೊರಡುವ ಸಂಕೇತವೇ ಮುಂದಿನ ತಂತಿಯನ್ನು ಮೀಟುತ್ತದೆ, ಹಾಗಾಗಿ ಅದಕ್ಕೆ ಕ್ಲಾಕೇ ಇಲ್ಲ. ಎನ್ವಲಪ್‌ಗಳ ಉದ್ದವನ್ನು ಅತಿ ನಿಧಾನದ ಯಾದೃಚ್ಛಿಕ ವೋಲ್ಟೇಜಿನಿಂದ ಕೊಂಚ ಕೊಂಚ ಅಲುಗಾಡಿಸುತ್ತೇನೆ. ಅದರ ಮೇಲೆ 7, 11, 13 ಹೆಜ್ಜೆಗಳ ಮೂರು ಕಂಠಗಳು. ಹದಿಮೂರರದ್ದು ಮಾತ್ರ ಮಾರ್ಬಲ್ಸ್‌ನಿಂದ ಬರುತ್ತದೆ, ದೇಜಾ ವೂ ಗುಂಡಿ ಲೂಪಿನ ಸ್ಥಾನಕ್ಕಿಂತ ಒಂದಿಷ್ಟು ಹಿಂದಕ್ಕಿದೆ. ಉಳಿದೆರಡು ಕೈಯಾರೆ ಆರಿಸಿದ ಸ್ವರಗಳು. ಗಾಂಧಾರಕ್ಕೆಂದೇ ಒಂದು ಆಫ್‌ಸೆಟ್ ಇಟ್ಟು 11.4 ಮಿಲಿವೋಲ್ಟ್ ಇಳಿಸಿದೆ. ಬೇರೆ ಯಾವ ಬದಲಾವಣೆಯೂ ಮನೆಯವರ ಗಮನಕ್ಕೆ ಬರಲಿಲ್ಲ, ಇದು ಬಂತು: ಏನೋ ತಣ್ಣಗಾಯಿತಲ್ಲ ಎಂದರು.

ಬರ್ನೂಲಿ ಗೇಟಿನ ನಂತರ ಒಮ್ಮೊಮ್ಮೆ ಇಡೀ ನಿಮಿಷ ತಂಬೂರಿಯೊಂದೇ ಉಳಿಯುತ್ತದೆ. ಮೊದಮೊದಲು ಪ್ಯಾಚ್ ಕೆಟ್ಟಿತೆಂದು ಎದ್ದು ಹೋಗಿ ನೋಡುತ್ತಿದ್ದೆ. ಈಗ ನೋಡುವುದಿಲ್ಲ.

ಮೇಷ್ಟ್ರು ಹೇಳಿದ 33 ನಿಮಿಷ 22 ಸೆಕೆಂಡಿನ ಸಮವನ್ನು ಕಿವಿಯಾರೆ ಕೇಳಲೇಬೇಕೆಂದು ನಿನ್ನೆ ಗೇಟ್‌ಗಳನ್ನೆಲ್ಲ ತೆರೆದಿಟ್ಟು, ಗಡಿಯಾರ ಎದುರಿಗಿಟ್ಟುಕೊಂಡು ಕುಳಿತೆ. ಮೂವತ್ತೊಂದನೆಯ ನಿಮಿಷಕ್ಕೆ ಒಲೆಯ ಮೇಲಿನ ಹಾಲು ನೆನಪಾಗಿ ಅಡುಗೆಮನೆಗೆ ಓಡಿದೆ. ಮರಳಿ ಬಂದಾಗ ಮೂರು ಕಂಠಗಳೂ ಆಗಲೇ ಕೂಡಿ, ಮತ್ತೆ ಬೇರೆ ಬೇರೆ ದಾರಿ ಹಿಡಿದಿದ್ದವು. ರೆಕಾರ್ಡರ್ ಹಚ್ಚಿದ್ದೆ, ಆದರೂ ಆ ಭಾಗವನ್ನು ಇನ್ನೂ ಹಾಕಿ ಕೇಳಿಲ್ಲ.